ರೋಪಿನಲ್ಲಿ ಆಳುಗಳಿದ್ದಾಗ

ಚಿನ್ನದ ಗಣಿಯ ಆಳುಗಳ ಸಾಲುಮನೆಗಳಿದ್ದ ಊರಿಗಾಂ ಲೈನಿನ ನಲ್ಲಿಯಲ್ಲಿ ಮೊದಲ ಕೊಡ ನನ್ನದೇ ಆಗಿತ್ತು. ನಾನು ಎಷ್ಟು ತಡವಾಗಿ ಹೋದರೂ ಸಾಲಿನಲ್ಲಿದ್ದ ಹೆಂಗಸರು ಸರಿದು ದಾರಿ ಬಿಡುತ್ತಿದ್ದರು. ಮದುವೆಯಾಗಿ ಹೊಸದಾಗಿ ಬಂದಿದ್ದ ನಾನು ಇದು ನನ್ನ ಮುಖಲಕ್ಷಣಕ್ಕೆ ಸಿಗುತ್ತಿರುವ ಮರ್ಯಾದೆ ಅಂದುಕೊಂಡಿದ್ದೆ. ಆ ಭ್ರಮೆ ಬಿಡಿಸಿದವಳು ಪಕ್ಕದ ಮನೆಯವಳು. ತಮಿಳಿನವಳು, ಹೆಚ್ಚೂಕಮ್ಮಿ ನನ್ನದೇ ವಯಸ್ಸು.

“ನಿನ್ ಮೂತಿ ನೋಡಿ ಬಿಡ್ತಾರೆ ಅಂದ್ಕೊಂಡ್ಯಾ ಅಕ್ಕಾ? ನಿನ್ ಗಂಡ ಡ್ರೈವರು. ನಿನ್ನತ್ರ ನಲ್ಲೀಲಿ ಜಗಳ ಆಡುದ್ರೆ ನೀನು ಓಗಿ ಅಣ್ಣನ ತಲೆ ತಿಂತೀಯ. ಅಣ್ಣ ಆ ತಲೆ ಎತ್ಕೊಂಡು ಇಂಜಿನ್ ಮುಂದೆ ಕೂತ್ರೆ ನಮ್ಮೋರ ಗತಿ ಏನಾಗ್ಬೇಕು?”

ಡ್ರೈವರ್ ಅಂದರೆ ಬಸ್ಸಿನವರಲ್ಲ. ಗಣಿಯ ಬಾಯಿಯ ಹತ್ತಿರ ಇಂಜಿನ್ ಮನೆ, ಅದರೊಳಗೆ ನಮ್ಮ ಮನೆಗಿಂತ ದೊಡ್ಡದಾದ ಒಂದು ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ರೋಪು. ರೋಪಿನ ತುದಿಯಲ್ಲಿ ಕಬ್ಬಿಣದ ಗೂಡು, ಅದಕ್ಕೆ ಕೇಜ್ ಅನ್ನುತ್ತಿದ್ದರು. ಆಳುಗಳು ಕೆಲಸಕ್ಕೆ ಇಳಿಯುವುದೂ ಅದರಲ್ಲೇ, ಜೀವ ಉಳಿದರೆ ಹತ್ತಿ ಬರುವುದೂ ಅದರಲ್ಲೇ. ಇಂಜಿನ್ ಮುಂದೆ ಕೂತವನಿಗೆ ಆಳುಗಳು ಕಾಣುವುದಿಲ್ಲ. ಕೇಳಿಸುವುದು ಗಂಟೆ ಮಾತ್ರ. ಯಾವ ಲೆವೆಲ್ಲಿಗೆ, ಅಂದರೆ ನೆಲದಡಿಯ ಯಾವ ಅಂತಸ್ತಿಗೆ ಹೋಗಬೇಕು, ಒಳಗಿರುವುದು ಕಲ್ಲೋ ಮನುಷ್ಯರೋ, ಏರಿಸಬೇಕೋ ಇಳಿಸಬೇಕೋ, ಎಲ್ಲವೂ ಗಂಟೆಯ ಬಡಿತದಲ್ಲೇ ಒಂದರ ಹಿಂದೊಂದು ಬರುತ್ತದೆ. ಅಷ್ಟನ್ನೂ ತಲೆಯಲ್ಲಿ ಹಿಡಿದುಕೊಂಡು, ಬಡಿತ ಮುಗಿಯುವಷ್ಟರಲ್ಲಿ ಕೈ ತಯಾರಿರಬೇಕು. ಆ ಕೆಲಸ ನನ್ನ ಗಂಡನದು.

ಹಾಗಾಗಿ ಲೈನಿನವರು ಅವರ ಮನಸ್ಸನ್ನು ಊರಿನ ಆಸ್ತಿಯ ಹಾಗೆ ಕಾಯುತ್ತಿದ್ದರು. ನಮ್ಮ ಬಾಗಿಲ ಮುಂದೆ ದೀಪಾವಳಿ ಪಟಾಕಿ ಹೊಡೆಯುವಂತಿಲ್ಲ. ಯಾರಾದರೂ ಸತ್ತರೆ ಆ ಸುದ್ದಿಯನ್ನು ಅವರ ಪಾಳಿ ಮುಗಿಯುವವರೆಗೆ ಅವರಿಗೆ ಹೇಳುವಂತಿಲ್ಲ. ಅವರು ಕೆಲಸಕ್ಕೆ ಹೊರಟರೆ ಜಗಲಿಯ ಮೇಲಿನ ಹೆಂಗಸರೆಲ್ಲ ಅವರ ಮುಖ ನೋಡುವರು. ನಮ್ಮ ಹಳ್ಳಿಯಲ್ಲಿ ಬಿತ್ತನೆಗೆ ಮುಂಚೆ ಮೋಡ ನೋಡುತ್ತಿದ್ದರಲ್ಲ, ಹಾಗೆ. ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವಳು. ರಾಗಿ, ಎಮ್ಮೆ, ಸಗಣಿಗಳ ನಡುವೆ ಬೆಳೆದವಳು. ಬಾಯಿ ಜೋರು, ಅದು ನಮ್ಮಮ್ಮನ ಕಡೆಯಿಂದ ಬಂದದ್ದು. ಗಂಡನ ಮನಶ್ಶಾಂತಿಗಾಗಿ ಆ ಬಾಯನ್ನು ಹೊಲಿದುಕೊಂಡಿರಬೇಕು ಅನ್ನುವುದು ನನಗೆ ಗಣಿಗಿಂತ ಆಳದ ಕಷ್ಟವಾಗಿತ್ತು.

ಮೊದಮೊದಲು ನಾವು ಚೆನ್ನಾಗಿಯೇ ಇದ್ದೆವು. ಹಿತ್ತಾಳೆ ಚೊಂಬಿನ ಮೇಲೆ ಚಮಚದಿಂದ ಬಡಿದು ನನಗೆ ಗಂಟೆಯ ಲೆಕ್ಕ ಕಲಿಸಿದ್ದರು. ಊಟಕ್ಕೆ ಕರೆಯಬೇಕಾದರೆ ನಾನು ಬಾಯಿ ಬಿಡುತ್ತಿರಲಿಲ್ಲ, ‘ಆಳುಗಳಿದ್ದಾರೆ, ಮೇಲಕ್ಕೆಳೆ’ ಎಂದು ಚೊಂಬು ಬಡಿಯುತ್ತಿದ್ದೆ. ಅವರು ಹಿತ್ತಲಿನಿಂದ ನಗುತ್ತಾ ಬರುತ್ತಿದ್ದರು. ಬಡಿತ ಮುಗಿಯುವ ಮೊದಲೇ ಅವರಿಗೆ ಅರ್ಥವಾಗಿರುತ್ತಿತ್ತು. ಅಷ್ಟು ಚುರುಕು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆ ಚುರುಕು ಹದ್ದು ಮೀರಿತು. ನಿದ್ದೆ ಬಿಟ್ಟರು. ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಮಾತಾಡತೊಡಗಿದರು. ಗಂಟೆಯ ಸದ್ದಿನಲ್ಲೇ ಕೆಳಗೆ ಅದರ ಹಗ್ಗ ಎಳೆದವನ ಹೆಸರು ತನಗೆ ಕೇಳಿಸುತ್ತದೆ ಎಂದರು. ಬಂಗಾರಪೇಟೆ ಸಂತೆಗೆ ಮೆಣಸಿನಕಾಯಿ ತರಲು ಹೋದವರು ಒಂದು ಹೋರಿಯನ್ನು ಹೊಡೆದುಕೊಂಡು ಬಂದರು. ಲೈನ್ ಮನೆಯಲ್ಲಿ ಕಾಲು ಚಾಚಿ ಮಲಗಲು ಜಾಗವಿಲ್ಲ, ಹೋರಿಯನ್ನು ಎಲ್ಲಿ ಕಟ್ಟುವುದು? ಕಿಟಕಿಯ ಸರಳಿಗೆ ಕಟ್ಟಿದರು. ಅದು ತಟ್ಟಿ ಗೋಡೆಯನ್ನು ಕಿತ್ತುಕೊಂಡು ಚಿನ್ನ ತೆಗೆದ ಮೇಲಿನ ಪುಡಿಮಣ್ಣು ಸುರಿದಿದ್ದ ಸೈನೇಡ್ ದಿಬ್ಬದ ಕಡೆ ಓಡಿತು. ಲೈನಿಗೆ ಲೈನೇ ನಕ್ಕಿತು, ನಾನೂ ನಕ್ಕೆ. ಮಾರನೆಯ ದಿನ ಅವರನ್ನು ಇಂಜಿನ್ ಮುಂದೆ ಕೂರಿಸಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

ಏರಿದ್ದು ಇಳಿಯಲೇಬೇಕಲ್ಲ. ಕೆಲವು ವಾರಗಳಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ತುತ್ತು ಬಾಯಿಗಿಟ್ಟರೆ ಅಗಿಯುತ್ತಿರಲಿಲ್ಲ. ಅತ್ತೆ ಯಂತ್ರ ಕಟ್ಟಿಸಿದರು, ನಿಂಬೆಹಣ್ಣು ಇಳಿ ತೆಗೆದರು. ಕೊನೆಗೆ ನಮ್ಮಣ್ಣ ಬಂದು ಅವರನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಕಾಯಿಲೆಗೆ ಒಂದು ಇಂಗ್ಲಿಷ್ ಹೆಸರು ಕೊಟ್ಟರು, ಮಾತ್ರೆ ಕೊಟ್ಟರು. ಅದು ಒಂದು ಜಾತಿಯ ಉಪ್ಪಂತೆ. ಮನಸ್ಸು ಉಕ್ಕದಂತೆ, ಕುಸಿಯದಂತೆ ಹಿಡಿದಿಡುತ್ತದೆ ಎಂದರು. ಆದರೂ ಒಂದೇ ಸಲಕ್ಕೆ ಹಿಡಿಯಲಿಲ್ಲ. ಅವರು ಮಾತ್ರೆ ಬಿಡುವುದು, ಉಕ್ಕುವುದು, ಕುಸಿಯುವುದು, ಮತ್ತೆ ಆಸ್ಪತ್ರೆಗೆ ಹೋಗುವುದು, ನಾಲ್ಕೈದು ವರ್ಷ ಹೀಗೇ ನಡೆಯಿತು. ಅಷ್ಟು ದಿನವೂ ಗಣಿಯವರು ಅವರನ್ನು ದೀಪದ ಕೋಣೆಯಲ್ಲಿಟ್ಟಿದ್ದರು. ಆಳುಗಳು ಟೋಪಿಗೆ ಸಿಕ್ಕಿಸಿಕೊಳ್ಳುವ ದೀಪಗಳನ್ನು ಒರೆಸಿಡುವ ಕೆಲಸ. ಡ್ರೈವರಾಗಿದ್ದವರಿಗೆ ಅದು ಸಾವಿಗೆ ಸಮ. ನಮಗೆ ಮಕ್ಕಳಾಗಲಿಲ್ಲ, ಅದೂ ಒಂದು ಕೊರಗು. ಆದರೆ ಅವರು ಮಕ್ಕಳಿಗಾಗಿ ಒಂದು ದಿನವೂ ಅತ್ತಿದ್ದು ನಾನು ಕಾಣೆ. ಆ ಸೀಟಿಗಾಗಿ ಅಳುತ್ತಿದ್ದರು.

ಎಂಬತ್ತರ ದಶಕದ ನಡುವೆ ಮಾತ್ರೆ ಕೊನೆಗೂ ಹಿಡಿಯಿತು. ಒಂದು ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಅವರು ಉಕ್ಕಲಿಲ್ಲ, ಕುಸಿಯಲಿಲ್ಲ. ಹೊತ್ತಿಗೆ ಸರಿಯಾಗಿ ಉಂಡರು, ಮಲಗಿದರು. ಯಾರಾದರೂ ಮಾತಾಡಿಸಿದರೆ ಎದುರಿನವರ ಮುಖ ನೋಡಿ, ಸ್ವಲ್ಪ ತಡೆದು, ಆಮೇಲೆ ಉತ್ತರ ಕೊಡುವರು. ಲೈನಿನವರಿಗೆ ಇದು ಬಹಳ ಹಿಡಿಸಿತು. ಡ್ರೈವರ್ ಅಂದರೆ ಹೀಗಿರಬೇಕು ಎನ್ನುವುದು ಅವರ ನಂಬಿಕೆ. ಪಟಪಟ ಮಾತಾಡುವವನ ಕೈಗೆ ಅವರು ಜೀವ ಕೊಡುವವರಲ್ಲ. ಪಕ್ಕದ ಮನೆಯವಳು ಹೇಳಿದಳು: “ಅಣ್ಣ ಈಗ ದೇವ್ರಂಗೆ ಆಗ್ಬುಟ್ಟವ್ರೆ ಅಕ್ಕಾ. ಮೊದ್ಲು ಆತುರ ಇತ್ತು. ಈಗ ನೋಡು, ಗುಂಡು ಕಲ್ಲು. ಇಂತೋರೇ ಬೇಕು ಇಂಜಿನ್‌ಗೆ.” ಅವಳ ಗಂಡ ಅದೇ ಗಣಿಬಾಯಿಯ ಕೆಳಗೆ ಕಲ್ಲು ಕೊರೆಯುವವನು. ಅವನಂತೂ ಮೇಸ್ತ್ರಿಯ ಹತ್ತಿರ ಹೋಗಿ, “ಆ ಅಣ್ಣನ್ನೇ ಸೀಟಿಗೆ ಕರೀರಿ” ಎಂದು ಗಂಟು ಬಿದ್ದ.

ಕಲ್ಲಿನ ಜೊತೆ ಸಂಸಾರ ಮಾಡುತ್ತಿದ್ದವಳು ನಾನು. ಅವರಿಗೆ ಕಾಣದ್ದು ನನಗೆ ಕಾಣುತ್ತಿತ್ತು.

“ಹುಣಸೆಹಣ್ಣು ತನ್ನಿ, ಬರ್ತಾ ಚಪ್ಪಲಿ ಒಲಿಯಾಕೆ ಕೊಟ್ಬುಡಿ, ಸೀಮೆಎಣ್ಣೆ ಬಂತಾ ಕೇಳ್ಕೊಂಡು ಬನ್ನಿ” ಎಂದರೆ ಹುಣಸೆಹಣ್ಣು ಬರುತ್ತಿತ್ತು. ಚಪ್ಪಲಿ ಕೈಯಲ್ಲೇ ವಾಪಸಾಗುತ್ತಿತ್ತು. ಮರೆತಿರಾ ಎಂದರೆ ಮರೆತಿಲ್ಲ, ಮೊದಲ ಮಾತು ಹಿಡಿಯುವಷ್ಟರಲ್ಲಿ ಉಳಿದವು ದಾಟಿ ಹೋದವಂತೆ. “ಸಾರಿಗೆ ಉಪ್ಪು ಸಾಕಾ?” ಎಂದು ಕೇಳಿ, ಉತ್ತರ ಬಾರದೆ, “ನಾಳೆ ನಮ್ಮೂರಿಗೆ ಓಗೋಣ್ವಾ?” ಎಂದು ಕೇಳಿದರೆ “ಸಾಕು” ಅನ್ನುವರು. ಮೊದಲು ನನಗೆ ನಗು ಬರುತ್ತಿತ್ತು. ಚೌಕಾಬಾರದಲ್ಲಿ ಕವಡೆ ನೆಲಕ್ಕೆ ಬೀಳುವ ಮೊದಲೇ ಕಾಯಿ ನಡೆಸುತ್ತಿದ್ದವರು ಈಗ ಕಾಯಿಯ ಮೇಲೆ ಬೆರಳಿಟ್ಟು ಕೂತುಬಿಡುವರು. ಎದುರು ಕೂತವರು ಇವರು ಏನೋ ದೊಡ್ಡ ಹಂಚಿಕೆ ಹಾಕುತ್ತಿದ್ದಾರೆಂದು ಹೆದರಿ ಸೋಲುತ್ತಿದ್ದರು. ಹಂಚಿಕೆಯೂ ಇಲ್ಲ, ಮಣ್ಣೂ ಇಲ್ಲ. ಎಣಿಸಿದ್ದು ಕೈ ಜಾರುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು.

ಹಳೆಯ ಡ್ರೈವರೊಬ್ಬರು ನಿವೃತ್ತಿಯಾಗುವವರಿದ್ದರು. ಡಾಕ್ಟರು ಸರಿ ಎಂದರೆ ಆ ಜಾಗಕ್ಕೆ ಇವರನ್ನು ಕೂರಿಸುತ್ತೇವೆ ಎಂದು ಗಣಿಯವರು ಹೇಳಿದರು. ಇವರು ಹೊಸ ಅಂಗಿ ಹಾಕಿಕೊಂಡು, ಎಣ್ಣೆ ಹಚ್ಚಿ ಬಾಚಿಕೊಂಡು ಆಸ್ಪತ್ರೆಗೆ ಹೊರಟರು. ನಾನೂ ಜೊತೆಗೆ ಹೋದೆ. ಡಾಕ್ಟರು ನನ್ನನ್ನು ಕೇಳಿದ್ದು ಇಷ್ಟು: ನಿದ್ದೆ ಮಾಡ್ತಾರಾ, ಊಟ ಮಾಡ್ತಾರಾ, ಅಳ್ತಾರಾ, ಕೂಗಾಡ್ತಾರಾ? ನಿದ್ದೆ ಊಟ ಸರಿಯಾಗಿದೆ, ಅಳುವುದಿಲ್ಲ, ಕೂಗಾಡುವುದಿಲ್ಲ ಎಂದೆ. ಆಮೇಲೆ ಚಪ್ಪಲಿಯ ವಿಷಯ, ಉಪ್ಪಿನ ವಿಷಯ ಹೇಳಲು ಹೋದೆ. ಡಾಕ್ಟರು ನಕ್ಕರು. “ಎಲ್ಲ ಗಂಡಸರೂ ಹಾಗೇ ಅಮ್ಮ. ನಮ್ಮನೇಲಿ ನನ್ನ ಬಗ್ಗೆ ಕೇಳಿ ನೋಡಿ.” ಇವರೂ ನಕ್ಕರು. ನನ್ನ ಬಾಯಿ ಎಂಥದ್ದು ಗೊತ್ತಲ್ಲ, ಆದರೆ ಗಂಡನ ಮುಖದ ಮೇಲೆ ಎಷ್ಟೋ ವರ್ಷದ ಮೇಲೆ ಬಂದ ಆ ನಗುವಿನ ಮುಂದೆ ಮಾತು ಹೊರಡಲಿಲ್ಲ. ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ.

ಮನೆಗೆ ಬಂದ ಮೇಲೆ ತಡೆಯಲಾಗಲಿಲ್ಲ. ಅವರು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ನಾನು ಚೊಂಬು ತೆಗೆದುಕೊಂಡು ಬಡಿದೆ. ಮೊದಲು ಲೆವೆಲ್ಲು, ಆಮೇಲೆ ಆಳುಗಳಿದ್ದಾರೆ ಅಂತ, ಆಮೇಲೆ ಇಳಿಸು ಅಂತ, ಗಣಿಯಲ್ಲಿ ಬಡಿಯುವಷ್ಟೇ ವೇಗವಾಗಿ.

ಅವರು ಒಳಗೆ ಬಂದು ನಿಂತರು. ಏನು ನಡೆಯುತ್ತಿದೆ ಎಂದು ಅವರಿಗೆ ತಿಳಿದಿತ್ತು.

“ಇನ್ನೊಂದ್ಸಲ ಬಡಿ” ಎಂದರು.

ಬಡಿದೆ.

“ನಿದಾನವಾಗಿ ಬಡಿ.”

“ಕೆಳಗಿರೋರು ನಿದಾನವಾಗಿ ಬಡೀತಾರಾ?” ಎಂದೆ.

ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. “ಎಲ್ಲಾ ಗೊತ್ತು ಕಣಮ್ಮೀ ನಂಗೆ. ಒಂದೊಂದೂ ಗೊತ್ತು. ಕೊನೇದು ಬರೋ ಒತ್ಗೆ ಮೊದಲ್ನೇದು ಇರಾಕಿಲ್ಲ, ಅಷ್ಟೇಯ. ಸೀಟಲ್ಲಿ ಕೂತ್ರೆ ಬಂದ್ಬುಡ್ತದೆ. ಕೈಗೆ ಗೊತ್ತಿರ್ತದೆ.”

“ಓಗ್ಬೇಡಿ” ಎಂದೆ. “ದೀಪ ಒರಸ್ಕೊಂಡೇ ಇರಿ. ನಂಗೇನೂ ನಾಚ್ಕೆ ಇಲ್ಲ.”

“ನಂಗೈತೆ” ಎಂದರು.

ಪಕ್ಕದ ಮನೆಯವಳ ಹತ್ತಿರ ಹೋಗಿ ಹೇಳಿದೆ. ಕೇಜಿನಲ್ಲಿ ಇಳಿಯುವುದು ನಿನ್ನ ಗಂಡ, ಅವನಾದರೂ ಮೇಸ್ತ್ರಿಗೆ ಹೇಳಲಿ, ಇವರಿಗೆ ಇನ್ನೂ ಆಗುವುದಿಲ್ಲ ಎಂದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಡ್ರೈವರಿನ ಹೆಂಡತಿಯ ಬಾಯಿಂದ ಇಂಥ ಮಾತು ಬರಬಾರದಂತೆ. ಅತ್ತೆಗೆ ವಿಷಯ ಮುಟ್ಟಿತು. “ನನ್ ಮಗ ಎದ್ದು ನಿಂತ್ಕೊಂಡ್ರೆ ನಿಂಗೆ ಒಟ್ಟೆ ಉರಿಯೇನೇ? ಡಾಕ್ಟ್ರಿಗಿಂತ ನೀನು ಜಾಸ್ತಿ ಓದ್ಕೊಂಡಿದ್ದೀಯಾ?” ಎಂದರು. ಓದಿಲ್ಲ, ಆದರೆ ಬಡಿಸುವವಳು ನಾನು, ಉತ್ತರಕ್ಕೆ ಕಾಯುವವಳು ನಾನು. ಆ ಮಾತಿಗೆ ಬೆಲೆ ಇರಲಿಲ್ಲ. ಲೈನಿನ ಅಷ್ಟು ಜನ ಸೇರಿ ಇವರ ಮುಖವನ್ನು ಅಷ್ಟು ವರ್ಷ ಕಾದಿದ್ದರು. ನಗುತ್ತಾರಾ, ಸಿಡುಕುತ್ತಾರಾ, ಅಳುತ್ತಾರಾ ಎಂದು ನೋಡುವುದರಲ್ಲಿ ಅವರೆಲ್ಲ ಪಂಡಿತರೇ. ಮುಖದ ಹಿಂದೆ ಯೋಚನೆ ಎಷ್ಟು ಹೊತ್ತಿಗೆ ಬಂದು ಸೇರುತ್ತಿದೆ ಎಂದು ನೋಡುವುದು ಯಾರಿಗೂ ಹೊಳೆಯಲಿಲ್ಲ.

ಮೊದಲು ಕೆಲವು ದಿನ ಗಣಿಯವರು ಇವರಿಗೆ ಇಂಜಿನ್ನಿನಲ್ಲಿ ಕಲ್ಲು ಮಾತ್ರ ಎತ್ತುವ ಕೆಲಸ ಕೊಟ್ಟರು. ನಿವೃತ್ತಿಯಾಗುವ ಡ್ರೈವರು ಪಕ್ಕದಲ್ಲಿ ನಿಂತಿರುತ್ತಿದ್ದರು. ಅವರು ತಲೆಯಾಡಿಸುವುದನ್ನು ನೋಡಿಯೇ ಇವರು ಇಂಜಿನ್ ಬಿಡುತ್ತಿದ್ದರು ಎಂದು ಆಮೇಲೆ ನನಗೆ ಇವರೇ ಹೇಳಿದರು. ಆ ದಿನಗಳಲ್ಲಿ ಮನೆಯಲ್ಲಿ ಹಬ್ಬ. ಅತ್ತೆ ಒಬ್ಬಟ್ಟು ಮಾಡಿದರು.

ಆಮೇಲೆ ಆಳುಗಳನ್ನು ಎತ್ತುವ ದಿನ ಬಂತು. ಬೆಳಗಿನ ಪಾಳಿ ಮುಗಿಯುತ್ತಾ ಬಂದು ಕೆಳಗಿನವರೆಲ್ಲ ಮೇಲೆ ಬರುವ ಹೊತ್ತು. ಕೇಜಿನಲ್ಲಿ ಉಸಿರಾಡಲು ಜಾಗವಿಲ್ಲದಂತೆ ತುಂಬಿಕೊಂಡು, ಬಾಗಿಲು ಹಾಕಿ, ಗಂಟೆ ಬಡಿದರು. ಪಕ್ಕದಲ್ಲಿದ್ದ ಹಿರಿಯ ಡ್ರೈವರು ಆ ದಿನ ಬೇಕೆಂದೇ ತಲೆಯಾಡಿಸಲಿಲ್ಲವಂತೆ, ಪರೀಕ್ಷೆ ಅಲ್ಲವೇ. ಇವರು ಕೂತೇ ಇದ್ದರು. ಕೆಳಗಿನಿಂದ ಮತ್ತೆ ಗಂಟೆ. ಇವರು ಕೂತೇ ಇದ್ದರು. ಹಿರಿಯರು ಇದನ್ನು ತಾಳ್ಮೆ ಎಂದುಕೊಂಡು ಮೆಚ್ಚಿದರಂತೆ. ಮೂರನೆಯ ಸಲ ಬಡಿತ ನಿಂತ ಮೇಲೆ ಇವರು ಬ್ರೇಕನ್ನು ಪೂರ್ತಿ ಬಿಗಿ ಮಾಡಿ, ಎದ್ದು ನಿಂತು, “ನೀವು ಕೂತ್ಕೊಳ್ಳಿ” ಎಂದರು. ಅಷ್ಟೇ. ಹಿರಿಯರು ಕೂತು ಆಳುಗಳನ್ನು ಮೇಲೆ ತಂದರು.

ಪಾಳಿ ಮುಗಿಯಿತೆಂದು ಸಾರುವ ಸಂಗು ಊದುವ ಮೊದಲೇ ಅವರು ಮನೆ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಡಲಿಲ್ಲ. “ಎದ್ದು ಬಂದ್ಬುಟ್ಟೆ” ಎಂದರು. ನಾನು ಒಳಗೆ ಕರೆದುಕೊಂಡು ಹೋಗಿ ನೀರು ಕೊಟ್ಟೆ. ಯಾರೂ ಸಾಯಲಿಲ್ಲವಲ್ಲ ಎಂದು ನನಗೆ ಬದುಕಿಕೊಂಡಂತಾಯಿತು. ಅವರಿಗೆ ಮುಗಿದುಹೋದಂತಾಗಿತ್ತು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿದ್ದೆವು.

ರೋಪಿನಲ್ಲಿ ಆಳುಗಳಿದ್ದಾಗ ಡ್ರೈವರ್ ಸೀಟಿನಿಂದ ಏಳಬಾರದು. ಇದಕ್ಕೆ ಬರೆದ ಕಾನೂನು ಬೇಕಾಗಿಲ್ಲ, ಲೈನಿನ ಮಗುವಿಗೂ ಗೊತ್ತು. ಬೆಂಕಿ ಬಿದ್ದರೂ ಏಳಬಾರದು. ಸಂಜೆಯೊಳಗೆ ಸುದ್ದಿ ಆಚೆಯ ಗಣಿ ಚಾಂಪಿಯನ್ ರೀಫ್ಸ್‌ವರೆಗೆ ಹೋಗಿತ್ತು. ಹೆದರಿ ಎದ್ದನಂತೆ, ಪುಕ್ಕಲನಂತೆ ಎಂದು. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೆಂಡತಿಯೇ ಅಪಶಕುನ ನುಡಿದು ಅವನ ಧೈರ್ಯ ಕೆಡಿಸಿದಳು ಎಂದರು. ಪಕ್ಕದ ಮನೆಯವಳ ಗಂಡ ಆ ಕೇಜಿನಲ್ಲಿದ್ದ. ಅವನು ಬೀದಿಯಲ್ಲಿ ನಿಂತು ಉಗಿದ. ಆಮೇಲೆ ಅವನು ನಮ್ಮೊಂದಿಗೆ ಮಾತಾಡಲಿಲ್ಲ, ಹೆಂಡತಿಯನ್ನೂ ಮಾತಾಡಲು ಬಿಡಲಿಲ್ಲ. ನಲ್ಲಿಯಲ್ಲಿ ನಾನು ಎಲ್ಲರ ಹಿಂದೆ ನಿಂತೆ. ಅದರಿಂದ ನನಗೇನೂ ಆಗಲಿಲ್ಲ, ಬಾಯಿ ಬಿಚ್ಚಿ ಜಗಳವಾಡಲು ಸ್ವಾತಂತ್ರ್ಯ ಸಿಕ್ಕಿತು. ಆದರೆ ಅತ್ತೆ ಸಾಯುವವರೆಗೂ, “ನನ್ ಒಟ್ಟೇಲಿ ಎದರ್‌ಪುಕ್ಲ ಉಟ್ದ” ಎನ್ನುತ್ತಲೇ ಇದ್ದರು. ಅದನ್ನು ಕೇಳುತ್ತಾ ಕೇಳುತ್ತಾ ಇವರೂ ನಂಬಿದರು. ನಾನು ಎಷ್ಟು ಸಲ ಹೇಳಿದೆ, ನೀವು ಹೆದರಲಿಲ್ಲ, ನಿಮಗೆ ಗಂಟೆ ಕೂಡಿ ಬರಲಿಲ್ಲ ಎಂದು. ಹೆಂಡತಿಯ ಮಾತು, ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಳ್ಳುತ್ತಿದ್ದರು.

ಅವರು ಗಣಿ ಕೆಲಸ ಬಿಟ್ಟರು, ನಾವು ಲೈನ್ ಮನೆ ಬಿಟ್ಟು ಬಂಗಾರಪೇಟೆಗೆ ಬಂದೆವು. ನಮ್ಮಣ್ಣ ಎಮ್ಮೆ ಕಟ್ಟಿದ್ದ, ನಾನೂ ಕಟ್ಟಿದೆ. ಅವರು ಮೇವು ಹಾಕುವರು, ಮೈ ತೊಳೆಯುವರು. ಒಂದು ಹೊತ್ತಿಗೆ ಒಂದೇ ಕೆಲಸ ಹೇಳುವುದನ್ನು ನಾನು ಕಲಿತಿದ್ದೆ. ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲು ಕೂಗಿದರೆ ಅವರ ಕೈ ನಿಲ್ಲುತ್ತಿತ್ತು.

ತೊಂಬತ್ತರ ದಶಕದಲ್ಲಿ ಒಂದು ದಿನ ಎಡಗೈ ಜೋಮು ಹಿಡಿದಂತಾಗಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ತಲೆಗೆ ಸ್ಕ್ಯಾನ್ ಮಾಡಿಸಿದರು. ಕೈಗೆ ಏನೂ ಆಗಿರಲಿಲ್ಲ, ನರ ಒತ್ತಿತ್ತಂತೆ. ಆದರೆ ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಹಳೆಯ ಕಾಯಿಲೆಯ ವಿಷಯ ಕೇಳಿ, ಇವರಿಂದ ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿ, ಎಷ್ಟು ಹೊತ್ತು ಹಿಡಿಯಿತೆಂದು ನೋಡಿದರು. ಆಮೇಲೆ ಆ ಕಪ್ಪು ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ ನಮ್ಮಿಬ್ಬರನ್ನೂ ಕರೆದರು.

“ಮಿದುಳಿನ ಮೇಲ್ಭಾಗ ಬೂದು ಬಣ್ಣ. ಯೋಚನೆ ಹುಟ್ಟೋದು ಅಲ್ಲಿ ಅಂತಿಟ್ಕೊಳ್ಳಿ. ಒಳಗಿರೋದು ಬಿಳಿ ಭಾಗ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯೋ ಎಳೆಗಳು ಅವು. ಎಳೆಗಳ ಮೇಲೆ ಕೊಬ್ಬಿನ ಹೊದಿಕೆ ಇರುತ್ತೆ. ಅದು ಚೆನ್ನಾಗಿದ್ರೆ ಸುದ್ದಿ ಬೇಗ ಹೋಗುತ್ತೆ.” ಪೆನ್ನಿನ ತುದಿಯಿಂದ ಅಲ್ಲಲ್ಲಿ ತೋರಿಸಿದರು. “ಇಲ್ಲಿ ಚುಕ್ಕೆಗಳು ಕಾಣ್ತಿವೆಯಲ್ಲ. ಈ ಕಾಯಿಲೆ ಇರೋರಲ್ಲಿ ಕೆಲವರಿಗೆ ಹೀಗಿರುತ್ತೆ. ಇದರಿಂದಲೇ ಅಂತ ಆಣೆ ಮಾಡಿ ಹೇಳೋಕೆ ನಮಗೂ ಆಗಲ್ಲ, ವಯಸ್ಸಿಗೂ ಬಿ.ಪಿ.ಗೂ ಇಂಥದ್ದು ಬರುತ್ತೆ. ಆದರೆ ಮನಸ್ಸು ಸಮ ಆದಮೇಲೂ ಕೆಲವರಿಗೆ ಯೋಚನೆಯ ವೇಗ ವಾಪಸ್ ಬರಲ್ಲ. ಒಂದರ ಹಿಂದೆ ಒಂದು ಬಂದಿದ್ದನ್ನ ಹಿಡಿದಿಟ್ಕೊಳ್ಳೋದು ಕಷ್ಟ ಆಗುತ್ತೆ. ಅದು ಸೋಮಾರಿತನ ಅಲ್ಲ. ಬುದ್ಧಿ ಇಲ್ಲ ಅಂತಲೂ ಅಲ್ಲ.”

ನನಗೆ ಕೋಪ ಬಂತು. ಆ ಹುಡುಗನ ಮೇಲಲ್ಲ. ಆವತ್ತಿನ ಡಾಕ್ಟರು ನಿದ್ದೆ, ಊಟ, ಅಳು ಮಾತ್ರ ಕೇಳಿ ನಕ್ಕು ಕಳಿಸಿದ್ದರಲ್ಲ, ಅದರ ಮೇಲೆ. ಇವರು ಫಿಲ್ಮನ್ನೇ ನೋಡುತ್ತಿದ್ದರು. ಡಾಕ್ಟರು ಬೇರೆ ಏನೋ ಹೇಳತೊಡಗಿದ ಮೇಲೆ ಇವರ ಪ್ರಶ್ನೆ ಬಂತು.

“ಅಂಗಾದ್ರೆ ನಾನು ಎದ್ರುಕೊಂಡಿದ್ದಲ್ವಾ ಸಾರ್?”

ಡಾಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಇವರು ಸೀಟಿನಿಂದ ಎದ್ದ ದಿನದ ಕಥೆಯನ್ನು ನಾನು ಚುಟುಕಾಗಿ ಹೇಳಿದೆ. ಕೇಳಿ, ಅವರು ಪೆನ್ನು ಕೆಳಗಿಟ್ಟು, “ಇಲ್ಲ ಯಜಮಾನ್ರೇ, ಹೆದರಿದ್ದಲ್ಲ” ಎಂದರು.

ಬಂಗಾರಪೇಟೆಯಲ್ಲಿ ಇಳಿದವರು ಮನೆಗೆ ಬರಲಿಲ್ಲ. ಊರಿಗಾಮಿಗೆ ಹೋಗಬೇಕು, ಹೇಳಬೇಕು ಎಂದರು. ಯಾರಿಗೆ ಎಂದೆ. ತಾಯಿ ಸತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಆ ಹಿರಿಯ ಡ್ರೈವರು ಸತ್ತಿದ್ದರು. ಗಣಿ ಏದುಸಿರು ಬಿಡುತ್ತಿತ್ತು, ಲೈನಿನ ಅರ್ಧ ಮನೆಗಳಿಗೆ ಬೀಗ. ಆದರೂ ಹೋದೆವು. ನಮ್ಮ ಹಳೆಯ ಮನೆಯ ಪಕ್ಕದ ಬಾಗಿಲು ಮಾತ್ರ ತೆರೆದಿತ್ತು.

ಅವಳು ನನ್ನನ್ನು ನೋಡಿ, ಬಾಗಿಲಿನಿಂದ ಸರಿದು ಒಳಗೆ ಕರೆದಳು. ಅವಳ ಗಂಡ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದ. ಕಲ್ಲಿನ ಧೂಳು ಅವನ ಎದೆಯನ್ನು ತಿಂದುಹಾಕಿತ್ತು. ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು. ಇವರು ಫಿಲ್ಮಿನ ಕವರನ್ನು ಎದೆಗವಚಿಕೊಂಡು ಅವನ ಮುಂದೆ ಕೂತರು. ತಡೆದು ತಡೆದು, ಮಧ್ಯೆ ಎಳೆ ತಪ್ಪಿ, ಮತ್ತೆ ಮೊದಲಿನಿಂದ ಹಿಡಿದು ಎಲ್ಲ ಹೇಳಿದರು. ಬಿಳಿ ಭಾಗ, ಚುಕ್ಕೆ, ಗಂಟೆ. ನಾನು ನಡುವೆ ಬಾಯಿ ಹಾಕಲಿಲ್ಲ. “ಎದ್ರುಕೊಂಡು ಎದ್ದಿದ್ದಲ್ಲ ಕಣಪ್ಪ. ಗಂಟೆ ತಲೇಲಿ ನಿಲ್ಲಲಿಲ್ಲ. ಬಿಟ್ಟಿದ್ರೆ ಎಲ್ಲಿಗೆ ಬಿಡ್ತಿದ್ನೋ ನಂಗೇ ಗೊತ್ತಿರಲಿಲ್ಲ. ಅದಕ್ಕೇ ಎದ್ದೆ” ಎಂದು ಮುಗಿಸಿದರು.

ಅವನು ಬಹಳ ಹೊತ್ತು ಕೆಮ್ಮಿದ. ಹೆಂಡತಿ ಬೆನ್ನು ನೀವಿದಳು. ಕೆಮ್ಮು ನಿಂತ ಮೇಲೆ ಇವರ ಕೈ ಹಿಡಿದುಕೊಂಡು, ಉಸಿರಿನ ನಡುವೆ ಸಿಕ್ಕಷ್ಟು ಮಾತನ್ನು ಬೇಗಬೇಗ ಹೇಳಿಬಿಟ್ಟ: “ಅಣ್ಣೇ, ಆವತ್ತು ಒಳಗೆ ನಿಂತ್ಕೊಂಡು ನಿನ್ನ ಬೈತಾ ಇದ್ವಿ. ಎಲ್ಲಾರೂ ಬೈತಾ ಇದ್ವಿ. ಎಲ್ಲಾರೂ ಮೇಲಕ್ಕೆ ಬಂದ್ವಲ್ಲ.”

ಇವರು ಅವನ ಮುಖವನ್ನೇ ನೋಡುತ್ತಿದ್ದರು. ಮಾತು ಇನ್ನೂ ಕೂಡಿ ಬಂದಿಲ್ಲ ಎಂದು ನನಗೆ ಗೊತ್ತಾಯಿತು. ಅವನಿಗೆ ಮತ್ತೊಮ್ಮೆ ಹೇಳುವಷ್ಟು ಉಸಿರಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಕೇಜಿನಲ್ಲಿದ್ದೋರು. ಎಲ್ಲಾರೂ. ಮೇಲಕ್ಕೆ. ಬಂದ್ರು. ಅಂತಾವ್ನೆ.

ಆಗ ಅವರು ಅತ್ತರು.